ಬಿಳಿ ಉಟ್ಟು ಬಾ, ಮಗಳೇ

“ವಿಧವೆಯ ಮುಖ ನೋಡೋಕೆ ನಾನೇನು ಮಾನಗೆಟ್ಟವನಾ, ಸಿ ಮಕ್ಕಿ?”

ಮರ್ಯಾದೆಯ ‘ಸಿ’ ಸೇರಿಸಿ ಕರೆದು, ಹೂ ಮಾರುವ ಹಮ್ಮಾದಿ ಎರಡೂ ಕೈ ಎತ್ತಿ ತೋರಿಸಿದ. ಬೆರಳಿಗೆಲ್ಲ ಕಿತ್ತಳೆ ಹೂವಿನ ಎಸಳು ಅಂಟಿಕೊಂಡಿದ್ದವು. ಎದುರಿಗೆ ಚಾಪೆಯ ಮೇಲೆ ಮೊಣಕಾಲುದ್ದ ಹೂವಿನ ರಾಶಿ.

“ನೀನು ಕಂಡದ್ದಷ್ಟೇ ಹೇಳು,” ಎಂದ ಮಕ್ಕಿ.

“ಗುರುವಾರ, ಇಳಿಹೊತ್ತಿನ ಅಸರ್ ನಮಾಜು ಮುಗಿದಿತ್ತು. ಬಿಳಿ ಜೆಲ್ಲಾಬಾ ನಿಲುವಂಗಿ, ಬಿಳಿ ತಲೆವಸ್ತ್ರ, ಬಿಳಿ ಕಾಲುಚೀಲ. ಅಷ್ಟು ಕಂಡ ಕೂಡಲೇ ನನ್ನ ಕಣ್ಣು ತಾನಾಗಿ ನೆಲಕ್ಕೆ ಹೋಯ್ತು. ಬಾಬ್ ಫ್ತೂಹ್ ಕೋಟೆಬಾಗಿಲ ಕಡೆ ಹೋದ್ಲು. ಭುಜಕ್ಕೊಂದು ಚೀಲ ಇತ್ತು. ಅಷ್ಟೇ.”

“ಎತ್ತರ ಎಷ್ಟು? ವಯಸ್ಸು?” ಇನ್‌ಸ್ಪೆಕ್ಟರ್ ವಿಸಾಲ್ ಕೇಳಿದಳು.

“ವಿಧವೆಗೆ ವಯಸ್ಸಿರತ್ತಾ ಲಲ್ಲಾ? ಬಿಳಿ ಇರತ್ತೆ.”

“ಹುಡುಗೀರನ್ನ ಕಂಡ್ರೆ ನಿನ್ನ ಕಣ್ಣು ನೆಲಕ್ಕೆ ಹೋಗಲ್ಲ ಅಂತ ಠಾಣೇಲಿ ಎರಡು ದೂರಿದೆ, ಹಮ್ಮಾದಿ.”

“ಅದು ಬೇರೆ ಬಣ್ಣದವರ ವಿಷಯ!”

ಪಕ್ಕದ ಕಡಲೆ ಮಾರುವವನು ನಕ್ಕ. ಮಕ್ಕಿಗೆ ನಗು ಬರಲಿಲ್ಲ. ಬೆಳಗಿನಿಂದ ಇಳಿಜಾರಿನುದ್ದಕ್ಕೂ ಹನ್ನೊಂದು ಜನರನ್ನು ಕೇಳಿಯಾಗಿತ್ತು. ಹನ್ನೊಂದು ಜನರೂ ಒಬ್ಬ ವಿಧವೆಯನ್ನು ಕಂಡಿದ್ದರು. ಹನ್ನೊಂದು ಜನರೂ ಅವಳ ಮುಖ ನೋಡಿರಲಿಲ್ಲ.

ಅವಳು ವಿಧವೆಯಲ್ಲ. ಮದುವೆಯೇ ಆಗಿರಲಿಲ್ಲ. ಕಡಲಾಚೆಯ ಲಿಯೋನ್ ನಗರದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಜಿಹಾನ್, ಬುದ್ಧಿ ಬಂದ ಮೇಲೆ ಮೊದಲ ಸಲ ಅಪ್ಪನನ್ನು ನೋಡಲೆಂದು ಫೆಸ್‌ಗೆ ಬಂದವಳು, ಗುರುವಾರದಿಂದ ಕಾಣೆಯಾಗಿದ್ದಳು. ಇವತ್ತು ಸೋಮವಾರ. ಅವಳು ನೋಡಲು ಬಂದ ಅಪ್ಪ, ಪುಸ್ತಕಗಳಿಗೆ ಚರ್ಮದ ಹೊದಿಕೆ ಹಾಕುತ್ತಿದ್ದ ಮುದುಕ ಲರ್ಬಿ, ಡಿಸೆಂಬರಿನಲ್ಲೇ ಸತ್ತಿದ್ದ.

ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದುದಷ್ಟೇ ಅಲ್ಲ. ಸತ್ತವನ ಹೆಸರಿನಲ್ಲಿ ಅವಳಿಗೆ ಪತ್ರಗಳು ಹೋಗುತ್ತಲೇ ಇದ್ದವು.

* * *

ಚಹಾದಂಗಡಿಯ ಮೂಲೆಯಲ್ಲಿ ಕೂತು ವಿಸಾಲ್ ಚೀಲದಿಂದ ನೋಟ್‌ಬುಕ್ ತೆಗೆದಳು. ಜಿಹಾನ್ ಇಳಿದುಕೊಂಡಿದ್ದ ಅತಿಥಿಗೃಹದ ಕೋಣೆಯಲ್ಲಿ, ದಿಂಬಿನ ಪಕ್ಕ ಸಿಕ್ಕಿದ್ದು. ಮೊದಲ ಪುಟದಲ್ಲಿ ಫ್ರೆಂಚಿನಲ್ಲಿ ‘ಫೆಸ್, ಮೊದಲ ಸಲ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿತ್ತು.

“ನೀವೇ ಓದಿ ಉಸ್ತಾದ್. ನನಗೆ ರಾತ್ರಿಯೆಲ್ಲ ಓದಿ ಸಾಕಾಗಿದೆ.”

ಮಕ್ಕಿ ಕನ್ನಡಕ ಹಾಕಿಕೊಂಡ. ನಿವೃತ್ತನಾಗಿ ಮೂರು ವರ್ಷ. ಆದರೂ ಹಳೆಯ ಊರಿನ ಓಣಿಗಳ ವಿಷಯ ಬಂದರೆ ವಿಸಾಲ್ ಅವನನ್ನೇ ಕರೆಯುತ್ತಿದ್ದಳು. ಕೆಲಸ ಕಲಿತದ್ದು ಅವನ ಕೈಕೆಳಗೆ.

‘ಅಪ್ಪನಿಗೆ: ಬೂದು ಬಣ್ಣದ ಉಣ್ಣೆ ಸ್ವೆಟರು. ಅಳತೆ ಗೊತ್ತಿಲ್ಲ, ದೊಡ್ಡದೇ ಇರಲಿ. ಕಿವಿಗೆ ಹಾಕುವ ಯಂತ್ರ, ಎರಡು ಜೊತೆ ಬ್ಯಾಟರಿ. ಕೇಳಿಸಿದರೆ ಆಮೇಲೆ ಫೋನಿನಲ್ಲೇ ಮಾತಾಡಬಹುದು. ಸಿಹಿ ಬೇಡ. ಸಕ್ಕರೆ ಕಾಯಿಲೆ ಇದೆಯೋ ಏನೋ, ಕೇಳಬೇಕು.’

‘ಬುಧವಾರ: ಇಳಿದು ನಿದ್ದೆ. ಗುರುವಾರ: ಅಪ್ಪ. ಶುಕ್ರವಾರ: ಅಪ್ಪನ ಜೊತೆ, ಬೇರೆ ಏನೂ ಬೇಡ. ಶನಿವಾರ: ಅಪ್ಪ ಚರ್ಮ ಕೊಳ್ಳುತ್ತಿದ್ದ ಅಂಗಡಿ, ಅವರಿಗೆ ನಡೆಯಲು ಆದರೆ.’

‘ಬಾಯಿಪಾಠ ಮಾಡಬೇಕಾದದ್ದು’ ಎಂಬ ಕೊನೆಯ ಪುಟದಲ್ಲಿ ಊರಿನ ಮಾತನ್ನೇ ಫ್ರೆಂಚ್ ಅಕ್ಷರಗಳಲ್ಲಿ ನಾಲ್ಕು ಸಲ ಬರೆದಿತ್ತು: ‘ಅಪ್ಪಾ, ಸುಸ್ತಾಯ್ತಾ? ಕೂತ್ಕೋ. ನಾನು ಮಾಡ್ತೀನಿ.’

ಮಕ್ಕಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಚಹಾ ತಣ್ಣಗಾಗುತ್ತಿತ್ತು.

“ಇದನ್ನ ಬರೆದಾಗ ಲರ್ಬಿ ಮಣ್ಣಿನಡಿ ಹೋಗಿ ಮೂರು ತಿಂಗಳು,” ಎಂದ.

“ಅವಳ ಕೋಣೇಲಿ ಸಿಕ್ಕ ಪತ್ರ ಏಳು ಇದೆ. ನಾಲ್ಕು ಅವರು ಬದುಕಿದ್ದಾಗಿನವು, ಮೂರು ಸತ್ತ ಮೇಲಿನವು. ಏಳರಲ್ಲೂ ಕೈಬರಹ ಒಂದೇ. ಅದೊಂದೇ ನನಗೆ ಬಿಡಿಸೋಕೆ ಆಗ್ತಿಲ್ಲ.”

“ಏಳರಲ್ಲಿ ಒಂದನ್ನೂ ಲರ್ಬಿ ಬರೆದಿಲ್ಲ. ಐದು ವರ್ಷದಿಂದ ಅವನ ಕೈ ನಡುಗ್ತಿತ್ತು. ಚರ್ಮದ ಮೇಲೆ ಚಿನ್ನದ ಹಾಳೆ ಒತ್ತೋದನ್ನೇ ಬಿಟ್ಟಿದ್ದ. ಫ್ರೆಂಚ್ ಮಾತಾಡೋನು, ಬರೆಯೋಕೆ ಬರ್ತಿರಲಿಲ್ಲ. ಅವನು ಹೇಳ್ತಿದ್ದ, ಇನ್ಯಾರೋ ಬರೀತಿದ್ರು. ಹೇಳೋನು ಹೋದ ಮೇಲೂ ಅವರು ಬರೀತಾನೇ ಇದ್ರು.”

ವಿಸಾಲ್ ಲೋಟ ಕೆಳಗಿಟ್ಟಳು. “ಇಷ್ಟೆಲ್ಲ ಗೊತ್ತಿದ್ದೋರು ‘ಲರ್ಬಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ’ ಅಂತ ಸಾಕ್ಷಿ ಹೇಗೆ ಹೇಳಿದ್ರಿ, ಉಸ್ತಾದ್?”

ಈ ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತು.

ಮಣ್ಣು ಮಾಡಿದ ಮೂರನೇ ದಿನ ಲರ್ಬಿಯ ಅಣ್ಣನ ಮಗ ಉಸ್ಮಾನ್ ಹನ್ನೆರಡು ಜನ ಗಂಡಸರನ್ನು ಒಟ್ಟುಗೂಡಿಸಿದ್ದ. ಸತ್ತವನನ್ನು ಬಲ್ಲ ಹನ್ನೆರಡು ಜನ ಒಂದೇ ಮಾತು ಹೇಳಿದರೆ ನ್ಯಾಯಾಲಯ ಅದನ್ನು ಒಪ್ಪುತ್ತದೆ; ಹೆಂಡತಿ ಮಕ್ಕಳಿಲ್ಲ ಎಂದಾದರೆ ಆಸ್ತಿ ಅಣ್ಣನ ಮಗನಿಗೆ. ಸಾವಿನ ಮನೆಯ ಕುಸ್ಕುಸ್ ಉಂಡು, ಕೈ ತೊಳೆದು, ಹಾಗೇ ಎದ್ದು ಹೋಗಿದ್ದರು. ‘ನಿಮಗೆ ಗೊತ್ತಾ?’ ಎಂದು ಅವತ್ತು ಉಸ್ಮಾನ್ ಯಾರನ್ನೂ ಕೇಳಿರಲಿಲ್ಲ. ‘ಬರ್ತೀರಾ?’ ಎಂದಷ್ಟೇ ಕೇಳಿದ್ದ. ಅಳುತ್ತಿರುವವನಿಗೆ ಬರುವುದಿಲ್ಲ ಎಂದು ಹೇಳುವವರುಂಟೆ?

“ಹೆಂಡತೀನ ನಾನು ಕಂಡಿರಲಿಲ್ಲ. ಮಗೂನ ಕಂಡಿರಲಿಲ್ಲ. ಕಂಡಿಲ್ಲ ಅನ್ನೋ ಬದಲು ಇಲ್ಲ ಅಂದೆ,” ಎಂದ ಮಕ್ಕಿ. “ಮೂವತ್ತು ವರ್ಷ ಪೊಲೀಸನಾಗಿದ್ದೋನು.”

ವಿಸಾಲ್ ಕೊನೆಯ ಪತ್ರವನ್ನು ಅವನ ಮುಂದೆ ಸರಿಸಿದಳು.

‘ಗುರುವಾರ, ಅಸರ್ ನಮಾಜು ಮುಗಿದ ಮೇಲೆ ಬಾಬ್ ಫ್ತೂಹ್‌ಗೆ ಬಾ. ಬಿಳಿ ಉಟ್ಟು ಬಾ, ಮಗಳೇ. ತಲೆಯಿಂದ ಕಾಲಿನವರೆಗೆ ಬಿಳಿ, ಕಾಲುಚೀಲವೂ. ಒಬ್ಬರು ನಿನ್ನ ಗುರುತು ಹಿಡಿದು ಕರೆದುಕೊಂಡು ಬರುತ್ತಾರೆ.’

“ನನ್ನ ಲೆಕ್ಕ ಇಷ್ಟು,” ಎಂದಳು ವಿಸಾಲ್. “ಈ ಊರಲ್ಲಿ ಒಂದು ಹೆಂಗಸನ್ನ ಹಾಡಹಗಲೇ ಯಾರ ಕಣ್ಣಿಗೂ ಬೀಳದ ಹಾಗೆ ನಡೆಸ್ಕೊಂಡು ಹೋಗಬೇಕು ಅಂದ್ರೆ ಬಿಳಿ ಉಡಿಸಿದರೆ ಸಾಕು. ಇದು ಒಳ್ಳೇ ತಲೆ ಇರೋ ಕಳ್ಳನ ಕೆಲಸ.”

“ಬಾಬ್ ಫ್ತೂಹ್ ಆಚೆ ಏನಿದೆ?”

“ಗೋರಿಸ್ಥಾನ.”

“ಬದುಕಿರೋ ಅಪ್ಪ ಮಗಳನ್ನ ಇಷ್ಟು ವರ್ಷದ ಮೇಲೆ ನೋಡೋಕೆ ಅಲ್ಲಿಗೆ ಕರೀತಾನಾ? ಪರವೂರಿನವಳು, ಅವಳಿಗೆ ಗೊತ್ತಾಗಲಿಲ್ಲ. ಇದನ್ನ ಬರೆದೋರು ಅವಳನ್ನ ಅಪ್ಪನ ಹತ್ತಿರಾನೇ ಕರ್ಕೊಂಡು ಹೋಗ್ತಿದ್ರು.” ಮಕ್ಕಿ ಪತ್ರದ ಮೇಲೆ ಬೆರಳಿಟ್ಟ. “ಇನ್ನು ಬಿಳಿ. ಅಪ್ಪ ಸತ್ತರೆ ಮಗಳಿಗೆ ಮೂರೇ ದಿನದ ಶೋಕ. ಮಗಳು ಬಿಳಿ ಉಡಲ್ಲ. ಅದು ಹೆಂಡತಿಗೆ ಮಾತ್ರ, ನಾಲ್ಕು ತಿಂಗಳು ಹತ್ತು ದಿನ. ಕಾಲುಚೀಲದ ತನಕ ಯೋಚಿಸಿದ್ದಾರೆ ನೋಡು. ಕಳ್ಳನಿಗೆ ಕಾಲುಚೀಲ ನೆನಪಾಗಲ್ಲ.”

“ಅಂದ್ರೆ?”

“ತಾನು ಉಡಬೇಕು ಅಂತ ರಾತ್ರಿ ಹಗಲು ಯೋಚಿಸಿ, ಉಡೋಕಾಗದೆ ಉಳಿದ ಒಬ್ಬಳು ಬರೆದಿದ್ದು. ಲರ್ಬಿಗೆ ಹೆಂಡತಿ ಇದ್ದಳು, ವಿಸಾಲ್.”

ಮಕ್ಕಿಯ ಸ್ವಂತ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡಸಿಗೆ ಬಿಳಿ ಇಲ್ಲ. ಮರುದಿನದಿಂದಲೇ ಅವನು ಎಲ್ಲರಂತೆ ಓಡಾಡಿದ್ದ, ಎಲ್ಲರೂ ಅವನ ಮುಖ ನೋಡಿ ಮಾತಾಡಿದ್ದರು. ಯಾರೂ ಕಣ್ಣು ಕೆಳಗೆ ಹಾಕಿರಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತ್ತು.

“ಬಿಳೀನ ಬಚ್ಚಿಡಬಹುದು,” ಎಂದು ಎದ್ದ. “ಆದರೆ ದೇವರಿಗೆ ಹೆದರೋ ಹೆಂಗಸಾದ್ರೆ ಇನ್ನೊಂದನ್ನ ಮುರಿಯಲ್ಲ. ಆ ದಿನಗಳು ಮುಗಿಯೋ ತನಕ ಸುಗಂಧ ಮುಟ್ಟಲ್ಲ. ಬಾ.”

ಹಮ್ಮಾದಿ ಇಬ್ಬರನ್ನೂ ಮತ್ತೆ ಕಂಡು ತಲೆ ಚಚ್ಚಿಕೊಂಡ.

“ಲರ್ಬಿ ಇದ್ದ ನಮ್ಮ ಓಣೀಲಿ,” ಎಂದ ಮಕ್ಕಿ, “ಪ್ರತಿ ವರ್ಷ ನಿನ್ನ ಹತ್ತಿರ ಹೂ ತಗೊಂಡು ಈ ವರ್ಷ ತಗೊಳ್ಳದೇ ಇರೋರು ಯಾರು?”

“ಅಯ್ಯೋ, ಒಬ್ಬರೇ. ಲಲ್ಲಾ ಬತೂಲ್. ವರ್ಷವರ್ಷ ಆರು ಕಿಲೋ ತಗೊಂಡು ಭಟ್ಟಿ ಇಳಿಸೋರು. ಅವರ ಹೂನೀರಿಗೆ ಮದುವೆ ಮನೆಯೋರು ಸಾಲು ನಿಲ್ತಿದ್ರು. ಈ ಸಲ ಕೈನೋವು ಅಂದ್ರು. ತಾಮ್ರದ ಭಟ್ಟೀನ ಪಕ್ಕದ ಮನೆಗೆ ಕೊಟ್ಟುಬಿಟ್ರು.” ಹಮ್ಮಾದಿ ಬಗ್ಗಿ ದನಿ ತಗ್ಗಿಸಿದ. “ದಿನಾ ರೇಷ್ಮೆ ಗುಂಡಿ ಹೆಣೀತಾರೆ. ಅದಕ್ಕೆ ಕೈನೋವಿಲ್ಲ, ನನ್ನ ಹೂ ಹಿಡಿಯೋಕೆ ಮಾತ್ರ ಕೈನೋವು!”

* * *

ಓಣಿಯ ಪ್ರತಿ ಬಾಗಿಲಿನಿಂದಲೂ ಕಿತ್ತಳೆ ಹೂವಿನ ಹಬೆ ಹೊರಬರುತ್ತಿತ್ತು. ಒಳಗೆಲ್ಲೋ ಹೆಂಗಸರು ಭಟ್ಟಿಯ ಸುತ್ತ ಕೂತು ಪ್ರವಾದಿಯ ಹೊಗಳಿಕೆ ಹಾಡುತ್ತಿದ್ದರು. ಒಂದು ಮನೆಯ ಹಾಡು ಮುಗಿಯುವಲ್ಲಿ ಮುಂದಿನ ಮನೆಯ ಹಾಡು ಹಿಡಿದುಕೊಳ್ಳುತ್ತಿತ್ತು. ತಿರುವಿನಲ್ಲಿ ಒಂದು ಮನೆ ಸುಮ್ಮನಿತ್ತು. ಅಲ್ಲಿ ಸುಣ್ಣದ ಗೋಡೆಯ ವಾಸನೆ ಮಾತ್ರ.

ಬತೂಲ್ ಬಾಗಿಲು ತೆರೆದು, ಮಕ್ಕಿಯನ್ನು ಕಂಡು, ಪಕ್ಕಕ್ಕೆ ಸರಿದಳು. ಬನ್ನಿ ಎನ್ನಲಿಲ್ಲ. ಅರವತ್ತರ ಹತ್ತಿರದವಳು. ಕಂದು ಬಣ್ಣದ ಉಡುಪು. ಕೈಯಲ್ಲಿ ಮೆಹಂದಿಯಿಲ್ಲ, ಕಣ್ಣಲ್ಲಿ ಕಾಡಿಗೆಯಿಲ್ಲ. ಅಂಗಳದಲ್ಲಿ ಕೂತು ಬಿಟ್ಟ ಸೂಜಿ ಮತ್ತೆ ಹಿಡಿದಳು. ಅರ್ಧ ಹೆಣೆದ ಗುಂಡಿ ಬೆರಳ ತುದಿಯಲ್ಲಿತ್ತು.

ವಿಸಾಲ್‌ಗೆ ಮಾತ್ರ ಚಹಾ ಬಂತು. ಹೊಸ್ತಿಲು ದಾಟಿ ಬಂದವನಿಗೆ ಚಹಾ ಕೊಡದಿರುವುದು ಈ ಊರಿನಲ್ಲಿ ಕೆನ್ನೆಗೆ ಹೊಡೆದಂತೆ. ಮಕ್ಕಿ ಹೊಡೆಸಿಕೊಂಡು ಸುಮ್ಮನೆ ಕೂತ.

“ಇನ್ನು ಮೂರು ದಿನ ಉಳೀತು, ಲಲ್ಲಾ,” ಎಂದ.

“ಯಾವುದಕ್ಕೆ?”

“ನಾಲ್ಕು ತಿಂಗಳು ಹತ್ತು ದಿನಕ್ಕೆ.”

ಸೂಜಿ ನಿಂತಿತು. ಪಕ್ಕದ ಮನೆಯ ಹಾಡು ಒಂದು ಸುತ್ತು ಮುಗಿದು ಮತ್ತೆ ಶುರುವಾಯಿತು.

“ಎಣಿಸ್ತಿರೋಳು ನಾನೊಬ್ಬಳೇ ಅಂದ್ಕೊಂಡಿದ್ದೆ,” ಎಂದಳು ಬತೂಲ್.

“ಮದುವೆ ಯಾವಾಗ ಆಯ್ತು?”

“ಆರು ವರ್ಷ ಆಯ್ತು. ತಾಂಜಾದಲ್ಲಿರೋ ನನ್ನ ಮಗ ಒಪ್ಪಲಿಲ್ಲ. ಈ ವಯಸ್ಸಲ್ಲಿ ಅವ್ವನಿಗೆ ಗಂಡನಾ, ನಾಲ್ಕು ಜನ ನಗ್ತಾರೆ ಅಂದ. ಹಾಗಾಗಿ ಕಾಗದ ಮಾಡಿಸಲಿಲ್ಲ. ಇಬ್ಬರು ಮುದುಕರು ಬಂದ್ರು, ಪ್ರಾರ್ಥನೆ ಹೇಳಿದ್ರು, ಖರ್ಜೂರ ತಿಂದ್ರು, ಹೋದ್ರು. ಈಗ ಅವರಿಬ್ಬರೂ ಇಲ್ಲ. ದೇವರಿಗೊಬ್ಬನಿಗೆ ಗೊತ್ತು. ಅವನನ್ನ ನಿಮ್ಮ ಹನ್ನೆರಡು ಜನರ ಜೊತೆ ನಿಲ್ಲಿಸೋಕೆ ಆಗತ್ತಾ, ಸಿ ಮಕ್ಕಿ?”

ಮಕ್ಕಿ ತಲೆ ತಗ್ಗಿಸಿದ.

“ಅವರು ಹೋದ ಸುದ್ದೀನ ನನಗೆ ಯಾರೂ ಹೇಳಲಿಲ್ಲ,” ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ತಾರಸಿ ಮೇಲೆ ಬಟ್ಟೆ ಒಣಗಿಸ್ತಿದ್ದೆ. ಅವರ ಮನೆ ಕಡೆಯಿಂದ ಓದೋ ದನಿ ಬಂತು. ಸತ್ತವರಿಗೆ ಓದೋದು ಬೇರೆ ಥರ ಇರತ್ತಲ್ಲ, ನಿಮಗೆ ಗೊತ್ತು. ದನಿ ಕೇಳಿದ ಕೂಡಲೇ ಗೊತ್ತಾಯ್ತು. ಕೈಯಲ್ಲಿ ಅವರದೇ ಅಂಗಿ ಇತ್ತು. ಅದನ್ನ ಒಣಹಾಕಿ ಕೆಳಗೆ ಬಂದು, ನೆರೆಹೊರೆಯವರ ಜೊತೆ ಸೇರಿ ಅಳೋಕೆ ಹೋದೆ. ನೆರೆಯವಳು ಎಷ್ಟು ಅಳಬಹುದೋ ಅಷ್ಟೇ ಅತ್ತೆ. ಅದಕ್ಕೊಂದು ಅಳತೆ ಇದೆ. ಮೀರಿದ್ರೆ ಪಕ್ಕದವರು ನೋಡ್ತಾರೆ.”

ವಿಸಾಲ್ ಚಹಾ ಲೋಟವನ್ನು ಹಿಡಿದೇ ಇದ್ದಳು, ಕುಡಿದಿರಲಿಲ್ಲ.

“ಪತ್ರ?” ಮಕ್ಕಿ ಕೇಳಿದ.

“ಅವರು ಹೇಳ್ತಿದ್ರು, ನಾನು ಬರೀತಿದ್ದೆ. ಎರಡು ವರ್ಷದ ಹಿಂದೆ ಆ ಹುಡುಗಿ ತಾನಾಗಿ ವಿಳಾಸ ಹುಡುಕಿ ಬರೆದಾಗಿನಿಂದ. ಮೂರು ವರ್ಷದ ಮಗೂನ ಅಲ್ಲಿ ತಾಯಿ ಹತ್ತಿರ ಬಿಟ್ಟು ಬಂದ ಪಾಪ ಅವರ ಎದೆ ಮೇಲಿತ್ತು. ಒಂದು ಪತ್ರ ಮುಗಿಸೋಕೆ ಮೂರು ದಿನ ತಗೋತಿದ್ರು. ‘ಇದು ಬೇಡ, ಅವಳಿಗೆ ಬೇಜಾರಾಗತ್ತೆ. ಅದು ಬೇಡ, ಅವಳಿಗೆ ಕಾಳಜಿ ಆಗತ್ತೆ.’ ಅವರು ಹೋದ ಮೇಲೆ ಅವಳ ಪತ್ರ ಬಂತು. ರಜೆ ಸಿಕ್ತು, ಟಿಕೆಟ್ ತಗೊಂಡೆ, ಏನೇನು ತರಲಿ ಅಪ್ಪಾ ಅಂತ. ಅಪ್ಪ ಇಲ್ಲ ಅಂತ ಬರೆಯೋಕೆ ಕೂತೆ. ದೇವರಾಣೆ, ಅದಕ್ಕೇ ಕೂತೆ. ಕೈ ಅವರ ಮಾತನ್ನೇ ಬರೀತು.”

“ಸುಳ್ಳು ಬರೆದ್ರಿ.”

“ಬರೆದೆ.” ಅವಳು ತಲೆ ಎತ್ತಿ ಮೊದಲ ಸಲ ಅವನನ್ನು ನೇರ ನೋಡಿದಳು. “ನಾನು ಕಾಗದದ ಮೇಲೆ ಒಬ್ಬರನ್ನ ಬದುಕಿಸಿದೆ. ನೀವು ಕಾಗದದ ಮೇಲೆ ಇಬ್ಬರನ್ನ ಇಲ್ಲ ಅನ್ನಿಸಿದ್ರಿ. ಯಾರದು ದೊಡ್ಡದು, ನೀವೇ ಹೇಳಿ. ಓದಿದೋರು.”

ಮಕ್ಕಿಯ ಕೈ ಗಡ್ಡಕ್ಕೆ ಹೋಯಿತು, ಅಲ್ಲೇ ನಿಂತಿತು.

“ನಂದೇ ದೊಡ್ಡದು,” ಎಂದ. “ಬಿಳಿ ಯಾಕೆ ಉಡಿಸಿದ್ರಿ?”

“ಅವರಿಗೋಸ್ಕರ ಈ ಊರಲ್ಲಿ ಯಾರಾದ್ರೂ ಒಬ್ಬರು ಬಿಳಿ ಉಟ್ಟು ನಡೀಬೇಕಿತ್ತು. ನನಗೆ ಆಗಲ್ಲ. ಮಗಳಿಗೆ ಅದು ಸಲ್ಲಲ್ಲ ಅಂತ ನನಗೂ ಗೊತ್ತು. ಇರಲಿ, ದೇವರು ದೊಡ್ಡವನು, ಕ್ಷಮಿಸ್ತಾನೆ ಅಂದ್ಕೊಂಡೆ. ಅವಳು ಆ ಇಳಿಜಾರಲ್ಲಿ ಬರ್ತಿದ್ರೆ ಅಂಗಡಿಯೋರು, ಹೇಸರಗತ್ತೆ ಹೊಡೆಯೋರು ಎಲ್ಲ ಕಣ್ಣು ತಗ್ಗಿಸಿದ್ರು. ಒಬ್ಬೊಬ್ಬರೂ ತಗ್ಗಿಸಿದ್ರು. ನಾನು ಬಾಗಿಲ ಹತ್ತಿರ ನಿಂತು ನೋಡ್ದೆ. ಲರ್ಬಿಗೆ ಈ ಊರು ಕೊಟ್ಟ ಮರ್ಯಾದೆ ಅಷ್ಟು. ಅದು ಅವರಿಗೆ ಅಂತ ಆ ಜನಕ್ಕೆ ಗೊತ್ತಿಲ್ಲದೇ ಇರಬಹುದು.”

“ಅವಳಿಗೆ ಹೇಳಿದ್ರಾ?” ವಿಸಾಲ್ ಮೆಲ್ಲಗೆ ಕೇಳಿದಳು.

“ಹೇಳೋಕಾಗಲಿಲ್ಲ ಮಗಳೇ. ಕೈ ಹಿಡ್ಕೊಂಡು ಗೋರಿ ಹತ್ತಿರ ಕರ್ಕೊಂಡು ಹೋಗಿ ನಿಂತೆ. ಕಲ್ಲಿನ ಮೇಲಿನ ಹೆಸರು ಓದೋಕೆ ಅವಳಿಗೆ ಬರಲ್ಲ. ‘ಇಲ್ಯಾಕೆ ನಿಂತ್ವಿ?’ ಅಂತ ಕೇಳಿದ್ಲು. ನಾನು ಕಲ್ಲಿನ ಮೇಲೆ ಕೈ ಇಟ್ಟೆ. ಆಗ ತಿಳೀತು. ಕೂತ್ಕೊಂಡ್ಲು. ಚೀಲದಿಂದ ಸ್ವೆಟರು ತೆಗೆದು ಗೋರಿ ಮೇಲೆ ಹಾಸಿದ್ಲು, ತೋಳನ್ನ ಎರಡೂ ಕಡೆ ಸರಿಯಾಗಿ ಬಿಡಿಸಿ, ಮಲಗಿರೋರಿಗೆ ಹೊದಿಸ್ತಾರಲ್ಲ ಹಾಗೆ. ಆಮೇಲೆ ನಮ್ಮ ಮಾತಲ್ಲಿ ಹೇಳಿದ್ಲು, ‘ಅಪ್ಪಾ, ಸುಸ್ತಾಯ್ತಾ?’ ಅಂತ. ಅಷ್ಟು ಹೇಳಿ ಮುಂದಿನದು ಮರೆತುಹೋಯ್ತೋ ಏನೋ. ಅದನ್ನೇ ಮತ್ತೆ ಮತ್ತೆ ಹೇಳಿದ್ಲು.”

ವಿಸಾಲ್ ಮುಖ ಆ ಕಡೆ ತಿರುಗಿಸಿಕೊಂಡಳು. ಬತೂಲ್ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟಳು.

“ನನ್ನ ಮೇಲೆ ಸಿಟ್ಟು ಮಾಡ್ತಾಳೆ ಅಂದ್ಕೊಂಡಿದ್ದೆ. ಇ‌ಲ್ಲ. ‘ನೀವು ಬರೀದಿದ್ರೆ ನಾನು ಬರ್ತಿರಲಿಲ್ಲ’ ಅಂದ್ಲು. ಎರಡು ರಾತ್ರಿ ಆ ಕೋಣೇಲಿ ಮಲಗಿದ್ಲು. ನನ್ನನ್ನ ಏನಂತ ಕರೀಬೇಕು ಅಂತ ಕೇಳಿದ್ಲು. ಶುಕ್ರವಾರ ಕುಸ್ಕುಸ್ ಮಾಡಿದೆ. ಎದುರೆದುರು ಕೂತು ಉಂಡ್ವಿ. ಈ ಮನೇಲಿ ಎರಡು ಚಮಚ ಇಟ್ಟು ನಾಲ್ಕು ತಿಂಗಳಾಗಿತ್ತು.”

“ಈಗ ಅವಳೆಲ್ಲಿ, ಲಲ್ಲಾ?”

ಬತೂಲ್ ಮಕ್ಕಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಲ್ಲಿಯವರೆಗಿದ್ದ ದಣಿವು ಹೋಗಿ ಬೇರೆ ಏನೋ ಬಂತು.

“ನನ್ನನ್ನ ಕೇಳ್ತೀರಾ?” ಎಂದಳು. “ಮೂರು ದಿನದಿಂದ ನಾನು ಹಲ್ಲು ಕಚ್ಕೊಂಡು ಕೂತಿದ್ದೀನಿ. ಇವತ್ತು ನೀವು ಬಂದು, ನನ್ನ ಅಂಗಳದಲ್ಲಿ ಕೂತು, ಪೊಲೀಸರನ್ನ ಪಕ್ಕದಲ್ಲಿಟ್ಕೊಂಡು, ನನ್ನನ್ನ ಕೇಳ್ತೀರಾ?”

“ನನಗೆ ಅರ್ಥ ಆಗಲಿಲ್ಲ.”

“ಶನಿವಾರ ಬೆಳಿಗ್ಗೆ ಹನ್ನೆರಡು ಜನರ ಹೆಸರು ಬರ್ಕೊಡಿ ಅಂದ್ಲು. ನ್ಯಾಯಾಲಯಕ್ಕೆ ಹೋಗಲ್ಲ, ಜಗಳ ಆಡಲ್ಲ. ಒಬ್ಬೊಬ್ಬರ ಮನೆಗೂ ಹೋಗಿ, ಎದುರಿಗೆ ನಿಂತು, ‘ನಾನು ಲರ್ಬಿ ಮಗಳು’ ಅಂತ ಹೇಳಿ ಬರ್ತೀನಿ ಅಂದ್ಲು. ಅಷ್ಟು ಸಾಕಂತೆ ಅವಳಿಗೆ. ಮೊದಲ ಹೆಸರು ನಿಮ್ಮದು, ಸಿ ಮಕ್ಕಿ. ಇದೇ ಓಣಿಯ ಕೊನೆಯ ಮನೆ. ರಾತ್ರಿ ಅಲ್ಲಿ ದೀಪ ಕಾಣ್ತಿತ್ತು, ನೀವು ವಾಪಸು ಬಂದ್ರಿ ಅಂದ್ಕೊಂಡಿದ್ದೆ. ನಾನು ತಾರಸಿಗೆ ಹೋಗಿ ನೋಡ್ತಿದ್ದೆ. ಅವಳು ನಿಮ್ಮ ಬಾಗಿಲು ತಟ್ಟಿದ್ಲು. ಬಾಗಿಲು ತೆರೀತು. ಒಳಗೆ ಹೋದ್ಲು. ಮಧ್ಯಾಹ್ನದ ತನಕ ನೋಡ್ದೆ. ಸಂಜೆ ತನಕ ನೋಡ್ದೆ. ಹೊರಗೆ ಬರಲಿಲ್ಲ. ಯಾರಿಗೆ ಹೇಳಲಿ? ಪೊಲೀಸರಿಗಾ? ಪೊಲೀಸರ ಉಸ್ತಾದರ ಮನೆ ಅದು. ನಾನು ಯಾರು ಅಂತ ಹೇಳ್ಕೊಂಡು ಹೋಗಲಿ?”

ವಿಸಾಲ್ ಲೋಟವನ್ನು ತಟ್ಟೆಯಲ್ಲಿಟ್ಟ ಸದ್ದು ಕೇಳಿಸಿತು.

“ಶನಿವಾರ ಬೆಳಿಗ್ಗೆ ಎಲ್ಲಿದ್ರಿ?” ಅವಳು ಕೇಳಿದಳು. ಅಪರಿಚಿತನನ್ನು ಕೇಳುವ ದನಿ. ಅದನ್ನು ಕಲಿಸಿದವನು ಅವನೇ.

“ಹೊಸ ಊರಿನಲ್ಲಿ, ನನ್ನ ಬಾಡಿಗೆ ಮನೇಲಿ. ಒಬ್ಬನೇ ಇದ್ದೆ. ಕಂಡೋರು ಯಾರೂ ಇಲ್ಲ.” ಮಕ್ಕಿ ಓಣಿಯ ಕೊನೆಯ ಕಡೆ ಕೈ ತೋರಿಸಿದ. “ಈ ಓಣಿಯ ಮನೆಗೆ ಹೆಂಡತಿ ಹೋದ ಮೇಲೆ ಬೀಗ ಹಾಕಿದ್ದೀನಿ. ಎರಡು ವರ್ಷದಿಂದ ಅಲ್ಲಿ ಯಾರೂ ಇಲ್ಲ.”

“ಯಾರೂ ಇಲ್ಲದ ಮನೆ ಬಾಗಿಲನ್ನ ಒಳಗಿನಿಂದ ಯಾರು ತೆಗೆದ್ರು?”

“ಕೀ ಎರಡಿತ್ತು. ಒಂದು ನನ್ನ ಹತ್ತಿರ.” ಅವನು ಜೇಬಿನಿಂದ ಅದನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡ. “ಇನ್ನೊಂದನ್ನ ಡಿಸೆಂಬರಿನಲ್ಲಿ ಕೊಟ್ಟೆ. ಮಣ್ಣಿಗೆ ಬಂದ ನೆಂಟರು ಮಲಗೋಕೆ ಜಾಗ ಇಲ್ಲ ಅಂದಿದ್ದ. ವಾಪಸು ಕೇಳಲಿಲ್ಲ. ಸಾವಾದ ಮನೆಗೆ ಹೋಗಿ ಕೀ ಕೊಡು ಅಂತ ಹೇಗೆ ಕೇಳೋದು ಅಂತ ಸುಮ್ಮನಾದೆ.”

“ಯಾರಿಗೆ ಕೊಟ್ರಿ?”

“ಉಸ್ಮಾನ್‌ಗೆ.”

ಬತೂಲ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

* * *

ಓಣಿಯ ಕೊನೆ ಮುಟ್ಟಲು ಹದಿನೆಂಟು ಬಾಗಿಲು ದಾಟಬೇಕು. ವಿಸಾಲ್ ನಡೆಯುತ್ತಲೇ ಫೋನಿನಲ್ಲಿ ಪಿಸುದನಿಯಲ್ಲಿ ಜನ ಕಳಿಸಲು ಹೇಳಿದಳು. ಕಿರಿದಾದ ಓಣಿ, ವಾಹನ ಬರುವುದಿಲ್ಲ. ಕಾಲು ಗಂಟೆಯಾದರೂ ಬೇಕು.

“ಕಾಯೋಣ,” ಎಂದಳು.

“ನಾನು ನಾಲ್ಕು ತಿಂಗಳು ಕಾದಿದ್ದೀನಿ,” ಎಂದ ಮಕ್ಕಿ.

ಬೀಗದಲ್ಲಿ ಕೀಲಿ ಸದ್ದಿಲ್ಲದೆ ತಿರುಗಿತು. ಅವನು ಎರಡು ವರ್ಷದಿಂದ ಮುಟ್ಟದ ಬೀಗಕ್ಕೆ ಯಾರೋ ಎಣ್ಣೆ ಹಾಕಿದ್ದರು. ಆದರೆ ಬಾಗಿಲು ಅಲ್ಲಾಡಲಿಲ್ಲ. ಒಳಗಿನಿಂದ ಅಗುಳಿ ಹಾಕಿತ್ತು.

ವಿಸಾಲ್ ಗೋಡೆಗೆ ಒತ್ತಿ ನಿಂತಳು. ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟು, ಬೇಡ ಎಂದು ತಲೆಯಾಡಿಸಿದಳು.

ಅವನು ಹುಟ್ಟಿದ ಮನೆ. ಹೆಂಡತಿ ಪ್ರಾಣ ಬಿಟ್ಟ ಮನೆ. ಆ ಬಾಗಿಲನ್ನು ಮಕ್ಕಿ ಪರರ ಮನೆಯ ಬಾಗಿಲಿನಂತೆ ತಟ್ಟಿದ.

ಒಳಗೆ ಹೆಜ್ಜೆ ಸದ್ದು. ಕಲ್ಲುಹಾಸಿನ ಮೇಲೆ ಚಪ್ಪಲಿ ಎಳೆದುಕೊಂಡು ಬರುವ ನಿಧಾನದ ಹೆಜ್ಜೆ. ಬಾಗಿಲಿನ ಆಚೆ ಅದು ನಿಂತಿತು.

“ಯಾರು?” ಗಂಡಸಿನ ದನಿ.

ಈ ಊರಿನಲ್ಲಿ ಆ ಪ್ರಶ್ನೆಗೆ ಯಾರೂ ಹೆಸರು ಹೇಳುವುದಿಲ್ಲ. ಮಗ ಬಂದರೂ, ನೆರೆಯವನು ಬಂದರೂ, ಹಾಲಿನವನು ಬಂದರೂ ಹೇಳುವ ಮಾತು ಒಂದೇ. ಬದುಕಿನುದ್ದಕ್ಕೂ ಎಷ್ಟೋ ಬಾಗಿಲಿನಲ್ಲಿ ನಿಂತು ಯೋಚಿಸದೆ ಹೇಳಿದ ಮಾತು. ಲರ್ಬಿಯ ಮಗಳು ಒಳಗಿರುವ ಬಾಗಿಲಿನಲ್ಲಿ ಅದನ್ನು ಹೇಳಲು ಮಕ್ಕಿಗೆ ನಾಲಗೆ ಏಳಲಿಲ್ಲ.

ಕಣ್ಣು ಮುಚ್ಚಿ ಹೇಳಿದ.

“ಹತ್ತಿರದವನು.”

ಅಗುಳಿ ಸರಿಯತೊಡಗಿತು.

“ಇಷ್ಟು ತಡಾನಾ, ಉಸ್ಮಾನ್?” ಒಳಗಿನ ದನಿ ಗೊಣಗಿತು. “ಬೇಗ ಬಾ. ನಿದ್ದೆ ಔಷಧ ಸಾಲ್ತಿಲ್ಲ. ಅವಳಿಗೆ ಎಚ್ಚರ ಆಗಿದೆ, ಅಪ್ಪನನ್ನ ಕರೀತಿದ್ದಾಳೆ.”